ಕೆಂಪು ಗಾರೆ ನೆಲದ ಹಾಲ್‌ಗೆ ಯಾವ ಬೀಜ್ ಹೊಂದುತ್ತದೆ?

ಅಕ್ಕಾ, ನಿಮ್ಮ ಪ್ರಶ್ನೆ ಮತ್ತು ಫೋಟೋ ಎರಡೂ ನೋಡಿದೆ. ಸಾಗರದ ಹಳೇ ಮನೆ, ಹಾಲ್‌ಗೆ ಉತ್ತರದ ಕಡೆ ಮಾತ್ರ ಕಿಟಕಿ, ಕೆಂಪು ಗಾರೆ ನೆಲ, ಸಾಗುವಾನಿ ಬಾಗಿಲು. ಈಗಿನ ಗೋಡೆ ತಿಳಿ ಹಸಿರು. ಆರಿಸಿಟ್ಟ ಮೂರು ಬೀಜ್ (ಕೆನೆ ಮತ್ತು ತಿಳಿ ಕಂದಿನ ನಡುವಿನ ಬಣ್ಣ) ಶೇಡ್‌ಗಳೂ ಒಂದೇ ಥರ ಕಾಣುತ್ತಿವೆ, ಪೇಂಟರ್ ಸೋಮವಾರ ಬರುತ್ತಾರೆ, ಯಾವುದು ಹೇಳಲಿ ಅಂತ ಕೇಳಿದ್ದೀರಿ.

ಮೊದಲು ಒಂದು ಸಮಾಧಾನ. ಸೋಮವಾರಕ್ಕೇ ಬಣ್ಣ ತೀರ್ಮಾನ ಆಗಬೇಕಿಲ್ಲ. ಹಳೇ ಗೋಡೆ ಅಂದರೆ ಕೆರೆಯುವುದು, ಪುಟ್ಟಿ, ಉಜ್ಜುವುದು, ಪ್ರೈಮರ್, ಇಷ್ಟಕ್ಕೇ ಕೆಲವು ದಿನ ಹೋಗುತ್ತದೆ. ಅಷ್ಟರಲ್ಲಿ ನೀವು ನಿಧಾನವಾಗಿ ನೋಡಬಹುದು.

ಮೂರೂ ಒಂದೇ ಅನಿಸುವುದು ಅವನ್ನು ಬೇರೆ ಬೇರೆಯಾಗಿ ನೋಡಿದಾಗ. ಒಂದು ಬಿಳಿ ಎ4 ಹಾಳೆ ತೆಗೆದುಕೊಳ್ಳಿ, ಅದರ ಮೇಲೆ ಮೂರು ಶೇಡ್ ಪಟ್ಟಿಗಳನ್ನೂ ಪಕ್ಕಪಕ್ಕ ಇಡಿ, ಹಗಲು ಕಿಟಕಿ ಹತ್ತಿರ ಹೋಗಿ ನೋಡಿ. ಒಂದು ಹಳದಿ ಕಡೆ ವಾಲಿರುತ್ತದೆ, ಒಂದು ಗುಲಾಬಿ ಕಡೆ, ಇನ್ನೊಂದು ಬೂದು-ಹಸಿರಿನ ಕಡೆ. ಗೊತ್ತಾಗದಿದ್ದರೆ ಅದೇ ಪಟ್ಟಿಯಲ್ಲಿರುವ ಎಲ್ಲಕ್ಕಿಂತ ಗಾಢವಾದ ಬಣ್ಣ ನೋಡಿ. ತಿಳಿ ಶೇಡ್‌ನಲ್ಲಿ ಅಡಗಿರುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಮೊಬೈಲ್ ಫೋಟೋ ನಂಬಬೇಡಿ. ಕ್ಯಾಮೆರಾ ತನಗೆ ಬೇಕಾದ ಹಾಗೆ ಬಿಳಿಯನ್ನು ಸರಿಮಾಡಿಕೊಂಡುಬಿಡುತ್ತದೆ. ನೀವು ಹಾಕಿದ ಫೋಟೋದಲ್ಲೂ ಹಾಗೇ ಆಗಿದೆ.

ಇನ್ನು ನಿಜವಾದ ವಿಷಯ ನೆಲ. ಗೋಡೆ ಬಣ್ಣ ಐದಾರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಗಾರೆ ನೆಲ ಬದಲಾಗುವುದಿಲ್ಲ. ಅದರಲ್ಲೂ ವರ್ಷಗಟ್ಟಲೆ ಒರೆಸಿ ಒರೆಸಿ ಹೊಳಪು ಬಂದ ನೆಲ ಸುಮ್ನೆ ಇರುವುದಿಲ್ಲ. ಕಿಟಕಿಯಿಂದ ಬಂದ ಬೆಳಕು ಮೊದಲು ನೆಲಕ್ಕೆ ಬೀಳುತ್ತದೆ, ಅಲ್ಲಿಂದ ಕೆಂಪು ಹೊತ್ತುಕೊಂಡು ಗೋಡೆಗೆ ಏರುತ್ತದೆ. ಇಂಥ ಮನೆಯಲ್ಲಿ ಗೋಡೆಯ ಕೆಳಗಿನ ಎರಡು ಅಡಿ ಗಮನಿಸಿ. ಒಂದೇ ಬಣ್ಣ ಮೇಲೆ ಕೆನೆ, ಕೆಳಗೆ ತಿಳಿ ಕೆಂಪು. ಅದಕ್ಕೇ ಗುಲಾಬಿ ಕಡೆ ವಾಲಿದ ಬೀಜ್ ನಿಮ್ಮ ಹಾಲ್‌ಗೆ ಬೇಡ. ಕಾರ್ಡಿನಲ್ಲಿ ಅಷ್ಟು ಹಿತವಾಗಿ ಕಂಡದ್ದು ನಾಲ್ಕೂ ಗೋಡೆಗೆ ಬಂದಾಗ ಒಂದಕ್ಕೊಂದು ಪ್ರತಿಫಲಿಸಿ ಇನ್ನೂ ಜಾಸ್ತಿಯಾಗುತ್ತದೆ, ಅದರ ಜೊತೆಗೆ ನೆಲದ ಕೆಂಪೂ ಸೇರುತ್ತದೆ.

ಬೂದು-ಹಸಿರಿನದ್ದು ಹಾಕಿಸಿದರೆ ತೊಂದರೆ ಇನ್ನೊಂದು ಥರ. ಕೆಂಪಿನ ಪಕ್ಕ ಹಸಿರು ಛಾಯೆ ಇದ್ದರೆ ಕಣ್ಣಿಗೆ ಆ ಹಸಿರೇ ಎದ್ದು ಕಾಣುತ್ತದೆ. ಉತ್ತರದ ಕಿಟಕಿಯಿಂದ ನೇರ ಬಿಸಿಲು ಹೆಚ್ಚು ಬರುವುದಿಲ್ಲ, ಬರುವ ಬೆಳಕು ಸ್ವಲ್ಪ ನೀಲಿ ಕಡೆ ಇರುತ್ತದೆ. ಜೊತೆಗೆ ಮಲೆನಾಡಿನ ಮಳೆಗಾಲ, ದಿನವಿಡೀ ಮೋಡ, ಕಿಟಕಿ ಆಚೆ ಗಿಡಮರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಮಂಕಾಗಿ ಕಾಣುತ್ತದೆ. ಇದೇ ಶೇಡ್ ಪಶ್ಚಿಮದ ಬಿಸಿಲು ಬೀಳುವ ಕೋಣೆಗೆ, ಬೂದು ಬಣ್ಣದ ಕಲ್ಲಿನ ನೆಲಕ್ಕೆ ತುಂಬ ಚೆನ್ನಾಗಿ ಕೂರುತ್ತದೆ. ಬಣ್ಣದ ತಪ್ಪಲ್ಲ, ಜಾಗದ್ದು.

ಹಾಗಾಗಿ ನನ್ನ ಓಟು ಹಳದಿ ಕಡೆ ವಾಲಿದ್ದಕ್ಕೆ. ಸಾಗುವಾನಿ ಬಾಗಿಲಿಗೂ ಅದೇ ಹೊಂದುತ್ತದೆ. ಆದರೆ ಆ ಕುಟುಂಬದಲ್ಲೇ ತೀರಾ ತಿಳಿ ಬಣ್ಣದ್ದು ನೋಡಿ. ಕಂಪನಿಗಳು ಶೇಡ್‌ಗೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಡುತ್ತವೆ, ಬೆಳಕನ್ನು ಎಷ್ಟು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ. 0 ಅಂದರೆ ಕಪ್ಪು, 100 ಅಂದರೆ ಅಚ್ಚ ಬಿಳಿ. ತಗ್ಗಿದ ಮಾಡು, ಒಂದೇ ಕಡೆ ಕಿಟಕಿ ಇರುವ ಹಾಲ್‌ಗೆ 70ರ ಆಸುಪಾಸು ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ ಕೇಳಿ, ಹೇಳುತ್ತಾರೆ.

ನನ್ನ ಮಾತಿನ ಮೇಲೆ ಮಾತ್ರ ಹೋಗಬೇಡಿ, ಹಚ್ಚಿ ನೋಡಿ. ಆದರೆ ಈಗಿನ ಹಸಿರು ಗೋಡೆಯ ಮೇಲೆ ನೇರ ಹಚ್ಚಬೇಡಿ. ಹಸಿರಿನ ನಡುವೆ ಯಾವ ಬೀಜ್ ಆದರೂ ಕೆಂಪಾಗಿಯೇ ಕಾಣುತ್ತದೆ, ಕಣ್ಣು ಮೋಸ ಹೋಗುತ್ತದೆ. ದೊಡ್ಡ ಡ್ರಾಯಿಂಗ್ ಶೀಟ್ ತನ್ನಿ, ಸುತ್ತ ಎರಡು ಇಂಚು ಬಿಳಿ ಅಂಚು ಬಿಟ್ಟು ಎರಡು ಕೋಟ್ ಹಚ್ಚಿ, ಒಂದು ದಿನ ಒಣಗಲು ಬಿಡಿ. ಎಮಲ್ಷನ್ (ನೀರಿನಲ್ಲಿ ಕಲಸಿ ಹಚ್ಚುವ ಗೋಡೆ ಬಣ್ಣ) ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ, ಹಸಿಯಲ್ಲಿ ತೀರ್ಮಾನಿಸಬಾರದು. ಆಮೇಲೆ ಆ ಶೀಟನ್ನು ನೆಲಕ್ಕೆ ತಾಗಿಸಿ, ಬಾಗಿಲ ಪಕ್ಕ, ಕಿಟಕಿಯ ಎದುರು ಮೂಲೆಯಲ್ಲಿ ಹೀಗೆ ಜಾಗ ಬದಲಿಸಿ ನೋಡಿ. ಬೆಳಿಗ್ಗೆ, ಸಂಜೆ, ಲೈಟ್ ಹಾಕಿದ ಮೇಲೆ. ಕೈಯಲ್ಲಿ ಅಡ್ಡ ಹಿಡಿದು ನೋಡಬೇಡಿ, ಗೋಡೆಗೆ ಅಂಟಿಸಿಯೇ ನೋಡಿ. ಇದಕ್ಕಾಗಿ ಒಂದೊಂದು ಚಿಕ್ಕ ಡಬ್ಬಿ ಕೊಳ್ಳಬೇಕಾಗುತ್ತದೆ. ಮೆಷಿನ್‌ನಲ್ಲಿ ಕಲಸಿದ ಬಣ್ಣ ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಆ ಖರ್ಚಿನ ಮುಂದೆ ಇದು ಏನೂ ಅಲ್ಲ.

ಲೈಟ್ ವಿಷಯ ಮರೆಯಬೇಡಿ. ಬಲ್ಬಿನ ಡಬ್ಬಿ ಮೇಲೆ 6500ಕೆ (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇದ್ದರೆ ಅದು ನೀಲಿ-ಬಿಳಿ ಬೆಳಕು, ಯಾವ ಬೀಜ್ ಬಣ್ಣವನ್ನೂ ಸಪ್ಪೆ ಮಾಡುತ್ತದೆ. 3000ಕೆ ಅಥವಾ 4000ಕೆ ಹಾಕಿ, ಆಮೇಲೆ ರಾತ್ರಿ ಶೀಟ್ ನೋಡಿ. ಬಣ್ಣ ಆರಿಸಿದ ಮೇಲೆ ಬಲ್ಬ್ ಬದಲಿಸಿದರೆ ಪುನಃ ಮೊದಲಿನಿಂದ ಶುರು ಅಲ್ವಾ?

ಫಿನಿಷ್ ಮ್ಯಾಟ್ ಇರಲಿ. ಹಳೇ ಗೋಡೆಯ ಏರುತಗ್ಗು ಹೊಳಪಿನಲ್ಲಿ ಎದ್ದು ಕಾಣುತ್ತದೆ. ಒಳಗೆ ಸುಣ್ಣದ ಪದರ ಇದ್ದರೆ ಪೂರ್ತಿ ಕೆರೆಸಿ, ಇಲ್ಲದಿದ್ದರೆ ಯಾವ ಎಮಲ್ಷನ್ ಆದರೂ ಏಳುತ್ತದೆ.

ಲೆಕ್ಕಕ್ಕೆ: ಹಾಲ್ 12 ಅಡಿ 16 ಅಡಿ, ಎತ್ತರ 10 ಅಂದಿದ್ದೀರಿ. ಗೋಡೆ ಒಟ್ಟು 560 ಚದರ ಅಡಿ, ಬಾಗಿಲು ಕಿಟಕಿ ಕಳೆದರೆ ಸುಮಾರು 480. ಎರಡು ಕೋಟ್‌ಗೆ ಲೀಟರಿಗೆ 100ರಿಂದ 140 ಚದರ ಅಡಿ ಹಿಡಿದರೆ ಐದು ಲೀಟರ್ ಸಾಕು. 4 ಲೀಟರ್ ಮತ್ತು 1 ಲೀಟರ್ ಡಬ್ಬಿ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕಲಸಿಸಿ. ಹಚ್ಚುವ ಮೊದಲು ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕದಡಲು ಪೇಂಟರ್‌ಗೆ ಹೇಳಿ. ಡಬ್ಬಿಗಳ ನಡುವಿನ ಸಣ್ಣ ವ್ಯತ್ಯಾಸ ಬೀಜ್‌ನಲ್ಲಿ ಗೋಡೆ ಮಧ್ಯದಲ್ಲೇ ಕಂಡುಬಿಡುತ್ತದೆ. ಮುಚ್ಚಳದ ಮೇಲಿನ ಶೇಡ್ ಕೋಡ್ ಚೀಟಿಯನ್ನು ಫೋಟೋ ತೆಗೆದಿಟ್ಟುಕೊಳ್ಳಿ, ಉಳಿದ ಬಣ್ಣ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ, ಮೊಳೆ ಹೊಡೆದ ತೂತು ಮುಚ್ಚಲು ಬೇಕಾಗುತ್ತದೆ.