ಬೆಕ್ಕಿನ ಹಲ್ಲು ಕೀಳಿಸಲು ಅಷ್ಟು ದುಡ್ಡು ಎಲ್ಲಿಂದ ತರಲಿ?

ಒಂಬತ್ತು ವರ್ಷದ ಬೆಕ್ಕು, ಒಸಡೆಲ್ಲ ಕೆಂಪು, ಹಲ್ಲು ಕೀಳಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ, ಅವರು ಹೇಳಿದ ಮೊತ್ತ ನಿಮ್ಮ ತಿಂಗಳ ಸಂಬಳಕ್ಕಿಂತ ಜಾಸ್ತಿ. ಇಂಜೆಕ್ಷನ್ ಕೊಡಿಸುತ್ತಲೇ ಇದ್ದರೆ ಸಾಲದೇ ಅಂತ ಕೇಳಿದ್ದೀರಿ. ನಾನು ಕುಮಟಾದವಳು. ಇದೇ ಪ್ರಶ್ನೆ ಇಟ್ಟುಕೊಂಡು ಎಂಟು ತಿಂಗಳು ಅಲೆದಿದ್ದೇನೆ.

ನಮ್ಮ ಕೆಂಚಿ, ಮೀನು ಮಾರುವವಳ ದನಿ ಕೇಳಿದರೆ ಹಂಚಿನ ಮಾಡಿನಿಂದ ಇಳಿದು ಓಡಿ ಬರುವವಳು. ಒಂದು ಬೆಳಿಗ್ಗೆ ತಾರ್ಲೆಯ ತಲೆಗೆ ಬಾಯಿ ಹಾಕಿದವಳೇ ಕಿರುಚಿ ಹಿಂದಕ್ಕೆ ಹಾರಿದಳು. ಮುಳ್ಳು ಚುಚ್ಚಿರಬೇಕು ಅಂದುಕೊಂಡೆವು. ಆಮೇಲೆ ತಟ್ಟೆಯ ತನಕ ಬರುವುದು, ಮೂಸಿ ನೋಡಿ ತಿರುಗಿ ಹೋಗುವುದು. ಜೊಲ್ಲು, ಬಾಯಿ ವಾಸನೆ, ಮೈ ನೆಕ್ಕಿಕೊಳ್ಳದೆ ಗಂಟುಗಟ್ಟಿದ ಕೂದಲು. ಹಸಿವಿಲ್ಲ ಬಿಡು ಅಂದರು ನಮ್ಮ ಅತ್ತೆ. ಹಸಿವಿತ್ತು. ತಿನ್ನಲು ಆಗುತ್ತಿರಲಿಲ್ಲ.

ನಾನೂ ಇಂಜೆಕ್ಷನ್ನಿನ ದಾರಿಯನ್ನೇ ಹಿಡಿದೆ. ಸ್ಟೀರಾಯ್ಡ್, ಆಂಟಿಬಯೋಟಿಕ್ ಕೊಟ್ಟರೆ ಎರಡು ವಾರ ಚೆನ್ನಾಗಿ ತಿನ್ನುವಳು, ಮತ್ತೆ ಅದೇ ಕಥೆ. ಒಂದು ರಾತ್ರಿ ಚೀಟಿಗಳನ್ನೆಲ್ಲ ಹರವಿಕೊಂಡು ಕೂಡಿಸಿದೆ. ಆಟೋ ಬಾಡಿಗೆ ಸೇರಿ 9,000 ರೂಪಾಯಿ ದಾಟಿತ್ತು, ರೋಗ ಇದ್ದಲ್ಲೇ ಇತ್ತು. ಸ್ಟೀರಾಯ್ಡ್ ಪದೇ ಪದೇ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಭಯವೂ ಇದೆ. ಬಾಯಿ ಪೂರ್ತಿ ಉರಿಯುವ ಈ ರೋಗದಲ್ಲಿ ಹಲ್ಲಿಗೆ ಅಂಟಿದ ಕೊಳೆಯ ವಿರುದ್ಧ ದೇಹ ಅತಿಯಾಗಿ ಕೆರಳುತ್ತದೆ ಅಂತ ಡಾಕ್ಟರು ವಿವರಿಸಿದರು. ಕೊಳೆ ಕೂರುವ ಜಾಗವನ್ನೇ, ಅಂದರೆ ಹಲ್ಲನ್ನೇ ತೆಗೆದರೆ ಹೆಚ್ಚಿನ ಬೆಕ್ಕುಗಳು ಸುಧಾರಿಸುತ್ತವೆ. ಕೆಲವಕ್ಕೆ ಆಮೇಲೂ ಔಷಧಿ ಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಆದ್ದರಿಂದ ದುಡ್ಡು ಉಳಿಸುವುದಾದರೆ ಇಂಜೆಕ್ಷನ್ನಿನಲ್ಲೇ ಉಳಿಸಿ. ಡಾಕ್ಟರ ಹತ್ತಿರ ಖರ್ಚನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ರಕ್ತ ಪರೀಕ್ಷೆ, ಅರಿವಳಿಕೆ, ಎಕ್ಸ್‌ರೇ, ಹಲ್ಲು ತೆಗೆಯುವುದು, ಔಷಧಿ. ಬೆಕ್ಕಿಗೆ ಇರುವುದು 30 ಹಲ್ಲು. ಹಿಂದಿನ ದವಡೆ ಹಲ್ಲುಗಳನ್ನು ಮೊದಲು ತೆಗೆದು, ಮುಂದಿನವನ್ನು ಬೇಕಾದರೆ ಆಮೇಲೆ ನೋಡಬಹುದೇ ಅಂತ ಕೇಳಿ. ನಮ್ಮ ಡಾಕ್ಟರು ಒಪ್ಪಿದರು, ಒಂದೇ ಸಲ ಬೀಳುವ ಭಾರ ಇಳಿಯಿತು. ಆದರೆ ರಕ್ತ ಪರೀಕ್ಷೆ ಬೇಡ, ಎಕ್ಸ್‌ರೇ ಬೇಡ ಅನ್ನಬೇಡಿ. ವಯಸ್ಸಾದ ಬೆಕ್ಕಿಗೆ ಕಿಡ್ನಿ ಹೇಗಿದೆ ಅಂತ ತಿಳಿಯದೆ ಅರಿವಳಿಕೆ ಕೊಡಬಾರದು. ಬೇರಿನ ಚೂರು ಒಳಗೇ ಉಳಿದರೆ ಉರಿಯೂ ಉಳಿಯುತ್ತದೆ. ಅರಿವಳಿಕೆ ಇಲ್ಲದೆ ಹಲ್ಲು ಉಜ್ಜಿ ಕೊಡುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಸಡಿನ ಒಳಗಿನದು ಹಾಗೆ ಹೋಗುವುದಿಲ್ಲ.

ಹುಬ್ಬಳ್ಳಿ, ಗೋವಾದ ಖಾಸಗಿ ಕ್ಲಿನಿಕ್ಕುಗಳಿಗೂ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಫೋನು ಮಾಡಿ ವಿಚಾರಿಸಿ. ಕಾಲೇಜು ಸರ್ಕಾರದ್ದು, ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಸಾಗರದ ಮೇಲೆ ಹೋಗಬಹುದು. ಹಲ್ಲಿನ ಆಪರೇಷನ್ ಮಾಡುತ್ತಾರಾ, ಯಾವ ದಿನ ಬರಬೇಕು ಅಂತ ಖಚಿತ ಮಾಡಿಕೊಳ್ಳದೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಅಷ್ಟು ದೂರ ಹೊರಡಬೇಡಿ. ನಾನು ಕೊನೆಗೆ ಸ್ವಸಹಾಯ ಸಂಘದಲ್ಲಿ 10,000 ಸಾಲ ತೆಗೆದು ವಾರ ವಾರ ತೀರಿಸಿದೆ. ಬೆಕ್ಕಿಗೆ ಸಾಲವೇ ಅಂತ ಮನೆಯಲ್ಲಿ ಮಾತು ಬಂತು. ಒಂಬತ್ತು ವರ್ಷ ನನ್ನ ಕಾಲ ಬುಡದಲ್ಲಿ ಮಲಗಿದ ಜೀವ ಅದು, ನೋವು ಹೇಳಲು ಬಾಯಿಲ್ಲದ್ದು. ನಾನು ಆ ಮಾತಿಗೆ ಕಿವಿಗೊಡಲಿಲ್ಲ.

ಹಲ್ಲಿಲ್ಲದೆ ಏನು ತಿಂದೀತು ಅನ್ನುವ ಹೆದರಿಕೆ ಬಿಡಿ. ಆಪರೇಷನ್ ಆದ ಮೇಲೆ ಎರಡು ವಾರ, ಬೇಯಿಸಿದ ಮೀನನ್ನು ಮುಳ್ಳು ತೆಗೆದು ಕಿವುಚಿ ಕೊಟ್ಟೆ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿಸದೆ. ಈಗ ಬಂಗಡೆಯ ತುಂಡನ್ನು ನಾಲಿಗೆಯಲ್ಲೇ ಎಳೆದು ನುಂಗುತ್ತಾಳೆ.

ದುಡ್ಡು ಹೊಂದಿಸುವ ತನಕ ನೋವಿಗೆಂದು ಮನೆಯಲ್ಲಿರುವ ಡೋಲೋ, ಕ್ರೋಸಿನ್ ಕೊಡಲೇಬೇಡಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿ ಜೀವಕ್ಕೇ ಬರಬಹುದು. ಅಷ್ಟು ದಿನವೂ ಕಾಯದೆ ತಾಲೂಕಿನ ಪಶು ಆಸ್ಪತ್ರೆಗಾದರೂ ಒಯ್ಯಿರಿ.