ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಲಾ?

ಪ್ರಶ್ನೆ: ಕೋಲಾರದ ಟೇಕಲ್ ರಸ್ತೆ ಕಡೆಯ ಬಡಾವಣೆಯಲ್ಲಿ ತಂದೆ ಕಟ್ಟಿಸಿದ ಮನೆ ನಮ್ಮದು. ಹಿಂದೆ ಹಿತ್ತಲು, ಅಲ್ಲೊಂದು ಹೊಂಗೆ ಮರ, ನುಗ್ಗೆ, ಒಗೆಯುವ ಕಲ್ಲು. ಅಕ್ಕಪಕ್ಕದವರೆಲ್ಲ ಕಾಂಪೌಂಡ್‌ವರೆಗೂ ಸಿಮೆಂಟ್ ಹಾಕಿಸಿ ಟೈಲ್ಸ್ ಕೂರಿಸಿದ್ದಾರೆ. ಮಳೆ ಬಂದರೆ ನಮ್ಮಲ್ಲಿ ಮಾತ್ರ ಕೆಸರು. ನನ್ನ ಹೆಂಡತಿಗೆ ಸಿಮೆಂಟೇ ಬೇಕು, ತಂದೆ ಒಪ್ಪುತ್ತಿಲ್ಲ. ಪಕ್ಕದ ಮನೆಯವರು ಎಲೆ ಬೀಳುತ್ತೆ, ಮರ ಕಡಿಸಿ ಅಂತಾರೆ. ಏನು ಮಾಡೋಣ?
– ಓದುಗರು, ಕೋಲಾರ

ಉತ್ತರ: ನಾನು ನಿಮ್ಮ ತಂದೆಯವರ ಕಡೆ. ಹಾಗಂತ ನಿಮ್ಮ ಮನೆಯವರ ಗೋಳು ಸುಳ್ಳಲ್ಲ. ಕೆಸರುಗಾಲಲ್ಲಿ ಎಲ್ಲರೂ ಒಳಗೆ ಬಂದರೆ ನೆಲ ಒರೆಸೋರು ಯಾರು ಅಂತಲೂ ನೋಡಬೇಕಲ್ವಾ?

ಅದಕ್ಕೆ ಇಡೀ ಹಿತ್ತಲು ಮುಚ್ಚಬೇಕಿಲ್ಲ. ಗೋಡೆಯ ಸುತ್ತ ಎರಡು ಮೂರು ಅಡಿ ಅಗಲ ಸಿಮೆಂಟ್ ಹಾಕಿಸಿ, ಹೊರಕ್ಕೆ ವಾಟ ಕೊಡಿಸಿ, ಪಾಯಕ್ಕೆ ನೀರು ಇಳಿಯಲ್ಲ. ಹಿಂಬಾಗಿಲಿನಿಂದ ಒಗೆಯುವ ಕಲ್ಲಿನ ತನಕ ಚಪ್ಪಡಿ ಹಾಸಿ, ನಿಮ್ಮ ಕಡೆ ಕಲ್ಲಿಗೇನು ಬರವೇ? ಚಪ್ಪಡಿಗಳ ನಡುವೆ ಎರಡು ಬೆರಳು ಸಂದು ಬಿಟ್ಟು ಸಣ್ಣ ಜಲ್ಲಿ ತುಂಬಿಸಿ. ಮೇಸ್ತ್ರಿ ಆ ಸಂದಿಗೂ ಸಿಮೆಂಟ್ ಮೆತ್ತಲು ಬರುತ್ತಾರೆ. ಪಕ್ಕದಲ್ಲೇ ನಿಂತು ಬೇಡ ಅನ್ನಿ.

ಮಿಕ್ಕಿದ್ದು ಮಣ್ಣಾಗೇ ಇರಲಿ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ್ದು ನಿಮಗೇ ಗೊತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕಳಿಸಿದ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆ ಕೆರೆಗೂ ಹರಿದ ಮೇಲೆ ಆಸುಪಾಸಿನ ಬೋರ್‌ಗಳಲ್ಲಿ ನೀರು ಮೇಲಕ್ಕೆ ಬಂತು. ಇಂಗೋಕೆ ಮಣ್ಣಿತ್ತು, ಇಂಗಿತು. ನಿಮ್ಮ ಒಂದು ಹಿತ್ತಲಿನಿಂದ ಬೋರ್ ತುಂಬಿಬಿಡುತ್ತೆ ಅಂತ ನಾನು ಹೇಳಲ್ಲ, ಆದರೆ ಬೀದಿಗೆ ಬೀದಿಯೇ ಸಿಮೆಂಟಾದರೆ ಬಿದ್ದ ಮಳೆಯೆಲ್ಲ ಚರಂಡಿ ಪಾಲು.

ಟೈಲ್ಸ್‌ಗೆ ಇಟ್ಟ ದುಡ್ಡನ್ನು ತಾರಸಿ ನೀರಿಗೆ ಹಾಕಿ. ಸಾವಿರ ಚದರ ಅಡಿ ತಾರಸಿ ಅಂದರೆ ಸುಮಾರು 93 ಚದರ ಮೀಟರ್, 50 ಮಿ.ಮೀ. ಮಳೆ ಸುರಿದರೆ ಅದರ ಮೇಲೆ ಬೀಳೋದು 4,600 ಲೀಟರ್ ಹತ್ತಿರ. ಒಂದಿಷ್ಟು ಪೋಲಾದರೂ ಸಂಪ್‌ಗೆ ಬೇಕಾದಷ್ಟು ಸಿಗುತ್ತೆ. ಮೊದಲ ಮಳೆಯ ಕೊಳೆನೀರು ಹೊರಗೆ ಬಿಡಿ, ಆಮೇಲಿನದು ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಇಳಿಯಲಿ. ಕುಡಿಯೋದಾದರೆ ಕುದಿಸಿ. ನಿಮ್ಮ ಜಿಲ್ಲೆಯ ಎಷ್ಟೋ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದನ್ನು ಕುಡಿಯಬಾರದು, ಮತ್ತೆ ಫ್ಲೋರೈಡ್ ಕುದಿಸಿದರೆ ಹೋಗಲ್ಲ. ಮಳೆನೀರಲ್ಲಿ ಆ ಕಾಟ ಇಲ್ಲ.

ಇನ್ನು ಹೊಂಗೆ. ಅದು ಜೋರಾಗಿ ಎಲೆ ಉದುರಿಸೋದು ಬೇಸಿಗೆ ಶುರುವಿನ ಕೆಲವೇ ವಾರ, ಆಮೇಲೆ ಬಿಸಿಲಲ್ಲಿ ಅದರ ನೆರಳು ಪಕ್ಕದವರ ಗೋಡೆಗೂ ಬೀಳುತ್ತೆ (ಅದನ್ನು ಮಾತ್ರ ಯಾರೂ ಹೇಳಲ್ಲ). ಅವರ ಕಡೆ ಬಾಗಿದ ಕೊಂಬೆ ಸವರಿಸಿ. ಎಲೆಯನ್ನು ಸುಡಬೇಡಿ, ಗುಂಡಿಗೆ ಹಾಕಿ. ಹೊಂಗೆ ಸೊಪ್ಪು ಗದ್ದೆಗೇ ಗೊಬ್ಬರ, ನಿಮ್ಮ ನುಗ್ಗೆಗೆ ಸಾಲದೇ? ನುಗ್ಗೆಕಾಯಿ ಬಿಟ್ಟಾಗ ಪಕ್ಕದ ಮನೆಗೂ ಒಂದು ಕಟ್ಟು ಕೊಡಿ.

ಪ್ರಶ್ನೆ: ಕಾರು ಒಳಗೆ ಹತ್ತಿಸಲು ಗೇಟ್ ಮುಂದಿನ ಚರಂಡಿ ಮೇಲೆ ಕಾಂಕ್ರೀಟ್ ಹಾಕಿಸಬಹುದಾ?
– ಓದುಗರು, ಚಿಂತಾಮಣಿ

ಉತ್ತರ: ಪೂರ್ತಿ ಮುಚ್ಚಬೇಡಿ. ಮೊದಲು ನಗರಸಭೆಯಲ್ಲಿ ಕೇಳಿ. ಅವರು ಒಪ್ಪಿದರೆ, ಇಬ್ಬರು ಹಿಡಿದು ಎತ್ತುವಂಥ ತುಂಡು ಸ್ಲ್ಯಾಬ್ ಕೂರಿಸಿ, ಕಬ್ಬಿಣದ ಹಿಡಿ ಇರಲಿ. ಒಳಗೆ ಹೂಳು ಕಟ್ಟಿಕೊಂಡರೆ ನೀರು ಮೊದಲು ನುಗ್ಗೋದು ಇಳಿಜಾರಿನಲ್ಲಿ ನಿಮಗಿಂತ ಮೇಲುಗಡೆ ಇರುವ ಮನೆಯವರ ಅಂಗಳಕ್ಕೆ.