ಮಧ್ಯಾಹ್ನ ಒಂದು ಗಂಟೆಯ ಕಾಲ್

(ಗುರುತು ಸಿಗಬಾರದೆಂದು ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಉಡುಪಿ ಕಡೆಯ ಹುಡುಗ, ಒಂಬತ್ತನೇ ಕ್ಲಾಸು. ನಿತಿನ್ ಅನ್ನೋಣ. ಬುತ್ತಿಚೀಲದಲ್ಲಿ ಮೊಬೈಲ್ ಸಿಕ್ಕಿತ್ತು, ಅದೂ ಎರಡನೇ ಸಲ. ಪರೀಕ್ಷೆ ಮುಗಿಯುವವರೆಗೆ ಕೊಡುವುದಿಲ್ಲ ಎಂದು ಶಾಲೆಯವರು ಕಪಾಟಿನಲ್ಲಿಟ್ಟರು. ಮರುದಿನದಿಂದ ಅವನು ಶಾಲೆಗೇ ಹೋಗಲಿಲ್ಲ.

"ಎಂತ ಮಾಡುವುದು ಮೇಡಂ, ಇವನಿಗೆ ಗೇಮಿನ ಚಟ," ಎಂದರು, ಅವನನ್ನು ಕೌನ್ಸೆಲಿಂಗಿಗೆಂದು ನನ್ನ ಬಳಿ ಕರೆತಂದ ತಾಯಿ. ನಾನೂ ಹಾಗೇ ಅಂದುಕೊಂಡಿದ್ದೆ. ಅವರನ್ನು ಹೊರಗೆ ಕೂರಿಸಿ ಹುಡುಗನನ್ನು ಕೇಳಿದೆ: "ಶಾಲೆಯಲ್ಲಿ ಮೊಬೈಲ್ ತೆಗೆಯುವುದು ಎಷ್ಟು ಹೊತ್ತಿಗೆ?"

"ಒಂದು ಗಂಟೆಗೆ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಪಪ್ಪ ಆಗ ರೂಮಿಗೆ ಬರ್ತಾರೆ."

ಅಪ್ಪ ಸೌದಿಯಲ್ಲಿ, ರಾತ್ರಿ ಪಾಳಿ. ನಮ್ಮ ಒಂದು ಗಂಟೆ ಅಲ್ಲಿ ಹತ್ತೂವರೆ. ಇವನು ಸಂಜೆ ಮನೆ ಸೇರುವಾಗ ಅವರಿಗೆ ನಿದ್ದೆ, ಇವನು ಊಟಕ್ಕೆ ಕೂರುವಾಗ ಅವರು ಡ್ಯೂಟಿಗೆ ಹೊರಟಾಗಿರುತ್ತದೆ. ಹಾಗಂತ ಗೇಮ್ ಇರಲಿಲ್ಲ ಎಂದಲ್ಲ. ಇನ್‌ಸ್ಟಾಗ್ರಾಮ್ ಗ್ರೂಪೂ ಇತ್ತು. ಪಾಠದ ನಡುವೆ ಬರುತ್ತಿದ್ದ ಮೆಸೇಜುಗಳಲ್ಲಿ ತಾಯಿಯದ್ದೇ ಜಾಸ್ತಿ ಎನ್ನುವುದು ಆಮೇಲೆ ಗೊತ್ತಾಯಿತು!

ಮೊಬೈಲ್ ತರಲು ಬಿಡಿ ಎಂದು ನಾನು ಹೆಡ್‌ಮಾಸ್ಟರಿಗೆ ಹೇಳಲಿಲ್ಲ. ಒಮ್ಮೆ ಗಮನ ತಪ್ಪಿದರೆ ಮತ್ತೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಎಂದು ಯುನೆಸ್ಕೋದ 2023ರ ವರದಿಯಲ್ಲಿದೆ. 40 ನಿಮಿಷದ ಪೀರಿಯಡ್ಡಿನಲ್ಲಿ ಅರ್ಧ ಹೋಯಿತು, ಅಲ್ವಾ? ನಾನು ಕೇಳಿದ್ದು ಇಷ್ಟೇ: ಮೊಬೈಲನ್ನು ತಾಯಿಯ ಕೈಗೆ ಕೊಡಿ, ವಾರಕ್ಕೆ ಎರಡು ಸಲ ಆಫೀಸಿನ ಫೋನಿಗೆ ತಂದೆ ಕರೆ ಮಾಡಲಿ. 2018ರಲ್ಲಿ ಶಾಲೆಗಳಲ್ಲಿ ಮೊಬೈಲ್ ಬಳಕೆ ನಿಲ್ಲಿಸಿದ ಫ್ರಾನ್ಸ್ ಕೂಡ ಅಂಗವಿಕಲ ಮಕ್ಕಳಿಗೆ ವಿನಾಯಿತಿ ಕೊಟ್ಟಿದೆ ಎಂದೆ. ಅವರು ಸ್ವಲ್ಪ ಗೊಣಗಿ ಒಪ್ಪಿದರು.

ತಾಯಿಗೆ ಹೇಳಿದ್ದು: ನೆಂಟರ ಎದುರು "ಚಟ" ಅನ್ನಬೇಡಿ. ಶಾಲೆಯ ಹೊತ್ತಿನಲ್ಲಿ ತುರ್ತಿದ್ದರೆ ಆಫೀಸಿಗೆ ಫೋನ್ ಮಾಡಿ. ರಾತ್ರಿ ಎಲ್ಲರ ಮೊಬೈಲೂ ಚಾವಡಿಯಲ್ಲೇ ಚಾರ್ಜಿಗೆ, ನಿಮ್ಮದೂ. ಈ ಕೊನೆಯದಕ್ಕೆ ಅವರ ಮುಖ ಸಣ್ಣದಾಯಿತು. ಅಪ್ಪನಿಗೆ ವಾಟ್ಸಾಪಿನಲ್ಲಿ ತಿಳಿಸಿದೆ: ಶುಕ್ರವಾರ ನಿಮಗೆ ರಜೆ, ಆ ರಾತ್ರಿಯ ವಿಡಿಯೊ ಕಾಲ್ ಮಗನಿಗೇ ಇರಲಿ, ಮಾರ್ಕಿನ ವಿಷಯ ಬೇಡ. ಗೇಮಿಗೆ ಶನಿವಾರ ಒಂದು ಗಂಟೆ ಎಂದು ನಿತಿನ್ ತಾನೇ ಬರೆದುಕೊಟ್ಟ. ಎರಡು ಕೇಳಿದ್ದ, ಚೌಕಾಸಿ ನಡೆಯಿತು.

ನಾಲ್ಕನೇ ದಿನ ಶಾಲೆಗೆ ಹೋದ. ಆಫೀಸಿನ ಮೊದಲ ಕಾಲ್ ಮೂರೇ ನಿಮಿಷ. ಗುಮಾಸ್ತರು ಎದುರಿಗೇ ಕೂತಿದ್ದರಂತೆ, ನಾಚಿಕೆಯಾಯಿತಂತೆ. ಅಪ್ಪ ಕೇಳಿದ್ದು, ಬುತ್ತಿಗೆ ಇವತ್ತು ಎಂತ ಸಾರು ಅಂತ.